ಉಪಗ್ರಹ ನೋಡುವುದು ಎಲೆಯ ಬೆಳಕು, ಬೆಳೆ ವಿಮೆ ಕೇಳುವುದು ಕಾಳಿನ ತೂಕ

2025ರ ನವೆಂಬರ್‌ ಮೊದಲ ವಾರದಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ವಿಮಾ ಕಂಪನಿಗಳ ಪ್ರತಿನಿಧಿಗಳನ್ನು ಕೂರಿಸಿಕೊಂಡು ಗರಂ ಆಗಿದ್ದರು. ಬೆಳೆ ಕಳೆದುಕೊಂಡ ರೈತರ ಖಾತೆಗೆ 1 ರೂಪಾಯಿ, 3 ರೂಪಾಯಿ, 5 ರೂಪಾಯಿ, 21 ರೂಪಾಯಿ ಪರಿಹಾರ ಬಿದ್ದಿದೆ ಎಂಬ ದೂರುಗಳು ಅವರ ಮುಂದಿದ್ದವು. ಇದು ರೈತರ ಅಣಕ ಎಂದ ಸಚಿವರು ತನಿಖೆಗೆ ಸೂಚಿಸಿದರು. ಇಷ್ಟು ಸಣ್ಣ ಮೊತ್ತ ಬರಲು ಕಾರಣ ಒಂದೇ ಅಲ್ಲ. ಕಂತುಗಳಲ್ಲಿ ಬಂದ ಪರಿಹಾರದ ಕೊನೆಯ ಚೂರೂ ಇರಬಹುದು, ಲೆಕ್ಕದ ತಪ್ಪೂ ಇರಬಹುದು. ಆದರೆ ಅಂದಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದ ಒಂದು ಪದ ಉಪಗ್ರಹ. ಹೊಲದಲ್ಲಿ ಕಾಳೇ ಇಲ್ಲದಿರುವಾಗ ನಷ್ಟವೇ ಆಗಿಲ್ಲ ಎಂದು ಆಕಾಶದಿಂದ ನೋಡಿದವರು ಹೇಗೆ ಹೇಳುತ್ತಾರೆ ಎಂಬುದು ರೈತರ ಪ್ರಶ್ನೆ.

ಪ್ರಶ್ನೆ ಸರಳ. ಉತ್ತರ ಕೃಷಿ ಇಲಾಖೆಯ ಸುತ್ತೋಲೆಯಲ್ಲಿ ಸಿಗುವುದಿಲ್ಲ, ಅದು ಎಲೆಯೊಳಗೆ ಬೆಳಕು ಹೇಗೆ ಚದುರುತ್ತದೆ ಎಂಬ ಭೌತಶಾಸ್ತ್ರದಲ್ಲಿದೆ. ಊರಲ್ಲಿ ನಾಲ್ಕು ಎಕರೆ ಬಿಟ್ಟು ಪುಣೆ, ಹೈದರಾಬಾದ್, ಮುಂಬೈಯಲ್ಲಿ ಕೆಲಸ ಮಾಡುತ್ತಿರುವ ಬೀದರ್, ರಾಯಚೂರು, ಬೆಳಗಾವಿ ಕಡೆಯವರಿಗೆ ಈ ಭೌತಶಾಸ್ತ್ರ ಈಗ ನೇರವಾಗಿ ದುಡ್ಡಿನ ವಿಷಯ.

30 ಪಾಲು ಆಕಾಶದ್ದು

ಮೊದಲು ನಿಯಮ ನೋಡೋಣ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2. ಪರಿಹಾರ ನಿರ್ಧಾರವಾಗುವುದು ಒಬ್ಬೊಬ್ಬ ರೈತನ ಹೊಲ ನೋಡಿ ಅಲ್ಲ. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ಇಳುವರಿ ತೆಗೆದು, ಅದರ ಶೇ 70, 80 ಅಥವಾ 90ನ್ನು ಖಾತರಿ ಇಳುವರಿ ಎಂದು ಇಟ್ಟುಕೊಳ್ಳುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಶೇಕಡಾ ಎಷ್ಟು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ.

ಈ ವರ್ಷದ ಇಳುವರಿ ಎಷ್ಟು ಎಂದು ತಿಳಿಯಲು ಇದ್ದ ದಾರಿ ಬೆಳೆ ಕಟಾವು ಪ್ರಯೋಗ. ಪಂಚಾಯಿತಿಯಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಹೊಲ ಆರಿಸಿ, ಅಳತೆಯ ಚೌಕ ಗುರುತಿಸಿ, ಅಷ್ಟನ್ನು ಕೊಯ್ದು, ಬಡಿದು, ಕಾಳು ತೂಗುವುದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ಯೆಸ್-ಟೆಕ್’ ಎಂಬ ವ್ಯವಸ್ಥೆ ತಂದಿತು. ಉಪಗ್ರಹ ಚಿತ್ರ, ಹವಾಮಾನ ದತ್ತಾಂಶ ಮತ್ತು ಗಣಿತದ ಮಾದರಿಗಳಿಂದ ಇಳುವರಿ ಅಂದಾಜು ಮಾಡಿ, ಅದಕ್ಕೆ ಕನಿಷ್ಠ ಶೇ 30 ತೂಕ ಕೊಡಬೇಕು. ಆ ವರ್ಷದ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ, 2024ರ ಮುಂಗಾರಿನಿಂದ ಸೋಯಾಬೀನ್‌ಗೆ ಇದು ಅನ್ವಯ. 2025ರ ಜನವರಿ 1ರಂದು ಕೇಂದ್ರ ಸಂಪುಟ ಬೆಳೆ ವಿಮೆಯ ತಂತ್ರಜ್ಞಾನಕ್ಕೆ 824.77 ಕೋಟಿ ರೂಪಾಯಿಯ ನಿಧಿ ಮಂಜೂರು ಮಾಡಿದಾಗ ಕೊಟ್ಟ ಮಾಹಿತಿಯ ಪ್ರಕಾರ ಒಂಬತ್ತು ಪ್ರಮುಖ ರಾಜ್ಯಗಳು ಇದನ್ನು ಜಾರಿ ಮಾಡುತ್ತಿವೆ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡು ಆ ಪಟ್ಟಿಯಲ್ಲಿವೆ. ಮಧ್ಯಪ್ರದೇಶ ಶೇ 30ಕ್ಕೆ ನಿಲ್ಲದೆ ಪೂರ್ತಿ ನೂರಕ್ಕೆ ನೂರು ತಂತ್ರಜ್ಞಾನಕ್ಕೇ ಹೋಗಿದೆ. ಬೆಳೆ ಕಟಾವು ಪ್ರಯೋಗಗಳನ್ನು ಹಂತಹಂತವಾಗಿ ಕೈಬಿಡುವುದು ಗುರಿ ಎಂದೂ ಆಗ ಹೇಳಲಾಯಿತು.

ಶೇ 30 ಅಂದರೆ ಎಷ್ಟು ದೊಡ್ಡದು? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಖಾತರಿ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್, ವಿಮಾ ಮೊತ್ತ 50,000 ರೂಪಾಯಿ. ಕೊಯ್ದು ತೂಗಿದಾಗ 6 ಕ್ವಿಂಟಲ್ ಬಂತು, ಉಪಗ್ರಹದ ಮಾದರಿ 9 ಎಂದಿತು ಎನ್ನಿ. ಕಟಾವನ್ನು ಮಾತ್ರ ನಂಬಿದರೆ ಕೊರತೆ ಶೇ 40, ಪರಿಹಾರ 20,000. ಎಪ್ಪತ್ತು-ಮೂವತ್ತರ ಮಿಶ್ರಣದಲ್ಲಿ ಇಳುವರಿ 6.9 ಆಗುತ್ತದೆ, ಪರಿಹಾರ 15,500. ಮಾದರಿಯನ್ನೇ ಪೂರ್ತಿ ನಂಬಿದರೆ 5,000. ಒಂದೇ ಹೊಲ, ಒಂದೇ ಬೆಳೆ, ಮೂರು ಮೊತ್ತ. ಮಾದರಿ ಸರಿಯಿದ್ದು ಕಟಾವು ತಪ್ಪಿದ್ದರೆ ಇದೇ ಲೆಕ್ಕ ರೈತನ ಪರವಾಗಿಯೂ ತಿರುಗಬಹುದು. ಹಾಗಾಗಿ ಉಪಗ್ರಹ ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕಿಂತ ಮೊದಲು, ಆ 9 ಎಂಬ ಅಂಕಿ ಹುಟ್ಟುವುದು ಹೇಗೆ ಎಂದು ನೋಡಬೇಕು.

ಎಲೆಯೊಳಗಿನ ಬೆಳಕು

ಉಪಗ್ರಹ ಕಾಳನ್ನು ನೋಡುವುದಿಲ್ಲ. ಎಲೆಯನ್ನೂ ಎಣಿಸುವುದಿಲ್ಲ. ಹೊಲದ ಮೇಲೆ ಬಿದ್ದು, ಚದುರಿ, ಮೇಲಕ್ಕೆ ಮರಳಿದ ಬೆಳಕನ್ನು ಕೆಲವು ಬಣ್ಣಗಳಲ್ಲಿ ಅಳೆಯುತ್ತದೆ, ಅಷ್ಟೇ.

ಹಸಿರು ಎಲೆ ಕೆಂಪು ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ, ಅದರ ಊಟ ಅದು. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ವಿಷಯದಲ್ಲಿ ಎಲೆ ತದ್ವಿರುದ್ಧವಾಗಿ ವರ್ತಿಸುತ್ತದೆ. ಎಲೆಯೊಳಗಿನ ಜೀವಕೋಶಗಳ ಗೋಡೆ ಮತ್ತು ಅವುಗಳ ನಡುವಿನ ಗಾಳಿಯ ಜಾಗಗಳಿಗೆ ಆ ಬೆಳಕು ಡಿಕ್ಕಿ ಹೊಡೆದು, ಸುಮಾರು ಅರ್ಧ ಮೇಲಕ್ಕೆ, ಸುಮಾರು ಅರ್ಧ ಕೆಳಕ್ಕೆ ಚದುರುತ್ತದೆ. ಎಲೆ ಇಟ್ಟುಕೊಳ್ಳುವುದು ಚೂರೇ ಚೂರು. ಕೆಳಗೆ ಹೋದದ್ದು ಕೆಳಗಿನ ಎಲೆಗೆ ಬಡಿದು ಮತ್ತೆ ಮೇಲೆ ಬರುತ್ತದೆ, ಅಲ್ಲಿಂದ ಮತ್ತೆ ಕೆಳಗೆ. ಎಲೆ ದಟ್ಟವಾದಷ್ಟೂ ಹೊಲ ಕೆಂಪಿನಲ್ಲಿ ಕಪ್ಪಾಗುತ್ತದೆ, ಅವಕೆಂಪಿನಲ್ಲಿ ಹೊಳೆಯುತ್ತದೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಎಲ್ಲ ಕೃಷಿ ನಕ್ಷೆಗಳಲ್ಲಿ ಕಾಣುವ ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕ.

ಇಲ್ಲಿಗೆ ನಿಂತರೆ ಎಲ್ಲವೂ ಸುಲಭ. ತೊಂದರೆ ಶುರುವಾಗುವುದು ಒಂದು ಎಲೆಯಿಂದ ಎಲೆಗಳ ಹಂದರಕ್ಕೆ ಹೋದಾಗ.

1953ರಲ್ಲಿ ಜಪಾನಿನ ಇಬ್ಬರು ಸಸ್ಯವಿಜ್ಞಾನಿಗಳು, ಮಸಾಮಿ ಮೋನ್ಸಿ ಮತ್ತು ತೋಶಿರೋ ಸಾಯೆಕಿ, ಒಂದು ಸರಳ ಕೆಲಸ ಮಾಡಿದರು. ಸಸ್ಯಗಳ ಹಂದರವನ್ನು ಮೇಲಿನಿಂದ ಪದರ ಪದರವಾಗಿ ಕತ್ತರಿಸುತ್ತಾ, ಪ್ರತಿ ಹಂತದಲ್ಲೂ ಎಷ್ಟು ಬೆಳಕು ಉಳಿದಿದೆ, ಎಷ್ಟು ಎಲೆ ತೆಗೆದಿದ್ದೇವೆ ಎಂದು ಬರೆದಿಟ್ಟರು. ಮಂಜಿನಲ್ಲಿ ಬೆಳಕು ಮಾಸುವಂತೆ ಎಲೆಗಳ ನಡುವೆಯೂ ಅದು ಒಂದು ಕಟ್ಟುನಿಟ್ಟಾದ ಅನುಪಾತದಲ್ಲಿ ಮಾಸುತ್ತದೆ ಎಂದು ಕಂಡಿತು. ಇಂದಿನ ಬೆಳೆ ಮಾದರಿಗಳೆಲ್ಲದರ ತಳಪಾಯ ಅದೇ.

ಅದರ ಲೆಕ್ಕ ಹೀಗೆ. ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು ಎಷ್ಟು ಚದರ ಮೀಟರ್ ಎಲೆ ಇದೆ ಎಂಬುದಕ್ಕೆ ಎಲೆ ವಿಸ್ತೀರ್ಣ ಸೂಚ್ಯಂಕ ಎನ್ನುತ್ತಾರೆ. ಸಾಮಾನ್ಯವಾಗಿ ಹರಡಿದ ಎಲೆಗಳಿರುವ ಬೆಳೆಯಲ್ಲಿ ಈ ಸೂಚ್ಯಂಕ 1 ಇದ್ದಾಗ ಬೆಳಕಿನ ಶೇ 61 ನೆಲ ಮುಟ್ಟುತ್ತದೆ. 3 ಆದಾಗ ಶೇ 22. 6 ಆದಾಗ ಶೇ 5. ಅಂದರೆ 3ರಿಂದ 6ಕ್ಕೆ ಎಲೆ ದುಪ್ಪಟ್ಟಾದರೂ ಬೆಳಕಿನಲ್ಲಿ ಆಗುವ ಬದಲಾವಣೆ ಕಡಿಮೆ. ಮೇಲಿನಿಂದ ನೋಡುವವರಿಗೆ ಎರಡೂ ಬಹುತೇಕ ಒಂದೇ ಹಸಿರು. ಚೆನ್ನಾಗಿ ಬಂದ ಬೆಳೆ, ಅತಿ ಚೆನ್ನಾಗಿ ಬಂದ ಬೆಳೆ ಇವುಗಳ ನಡುವೆ ಹಸಿರು ಸೂಚ್ಯಂಕದ ಕಣ್ಣು ಮಂಜಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ದಟ್ಟ ಭತ್ತದ ಗದ್ದೆಯಲ್ಲಿ ಇದು ಕಾಡುವ ಸಮಸ್ಯೆ.

ಎಲೆಯ ಓರೆ ಇನ್ನೊಂದು. ಭತ್ತದ ಆಧುನಿಕ ತಳಿಗಳ ಎಲೆ ನೆಟ್ಟಗೆ ನಿಲ್ಲುತ್ತದೆ, ಸೂರ್ಯಕಾಂತಿಯದು ತಟ್ಟೆಯಂತೆ ಹರಡುತ್ತದೆ. ಎಲೆ ವಿಸ್ತೀರ್ಣ ಎರಡರದ್ದೂ 3 ಇದ್ದರೂ, ನೆಟ್ಟಗಿನ ಎಲೆಗಳ ಕೆಳಗೆ ಶೇ 30ರಷ್ಟು ಬೆಳಕು ಇಳಿಯಬಹುದು, ಹರಡಿದ ಎಲೆಗಳ ಕೆಳಗೆ ಶೇ 9 ಮಾತ್ರ. ಬಿಸಿಲಿಗೆ ಬಾಡಿ ಎಲೆ ಜೋತುಬಿದ್ದರೆ ಎಲೆ ಅಷ್ಟೇ ಇದ್ದರೂ ಬೆಳಕಿನ ಲೆಕ್ಕ ಬದಲಾಗುತ್ತದೆ.

ಮಣ್ಣು ಮತ್ತೊಂದು. ಬೆಳೆ ಇನ್ನೂ ಪೂರ್ತಿ ಮುಚ್ಚಿರದ ಹೊಲದಲ್ಲಿ ಕಪ್ಪು ಎರೆಮಣ್ಣಿನ ಮೇಲೆ ಅದೇ ಬೆಳೆ ಹೆಚ್ಚು ಹಸಿರಾಗಿ ಕಾಣುತ್ತದೆ, ತಿಳಿ ಬಣ್ಣದ ಮಣ್ಣಿನ ಮೇಲೆ ಕಡಿಮೆ. ಹಿಂದಿನ ದಿನ ಮಳೆ ಬಂದು ಮಣ್ಣು ಕಪ್ಪಾಗಿದ್ದರೆ ಸೂಚ್ಯಂಕವೂ ಒಂದಿಷ್ಟು ಏರುತ್ತದೆ. ಬೆಳೆ ಬೆಳೆದಿರುವುದಿಲ್ಲ, ಮಣ್ಣು ಒದ್ದೆಯಾಗಿರುತ್ತದೆ.

ಇವೆಲ್ಲವನ್ನೂ ಲೆಕ್ಕಕ್ಕೆ ತರಲೆಂದೇ ಬೆಳಕಿನ ಮಾದರಿಗಳು ಬಂದವು. ಎಸ್ಟೋನಿಯಾದ ಯುಹಾನ್ ರಾಸ್ 1970ರ ದಶಕದಲ್ಲಿ ಇದಕ್ಕೆ ಗಣಿತದ ಬುನಾದಿ ಹಾಕಿದರು. 1984ರಲ್ಲಿ ನೆದರ್ಲೆಂಡ್ಸ್‌ನ ವೌಟ್ ವೆರ್ಹೂಫ್ ‘ಸೈಲ್’ ಎಂಬ ಹಂದರದ ಮಾದರಿ ಕೊಟ್ಟರು. 1990ರಲ್ಲಿ ಫ್ರಾನ್ಸಿನ ಸ್ಟೆಫಾನ್ ಜಾಕ್‌ಮೂ ಮತ್ತು ಫ್ರೆಡೆರಿಕ್ ಬಾರೆ ‘ಪ್ರಾಸ್ಪೆಕ್ಟ್’ ಎಂಬ ಒಂಟಿ ಎಲೆಯ ಮಾದರಿ ಮಾಡಿದರು. ಎರಡನ್ನೂ ಜೋಡಿಸಿದ ‘ಪ್ರೊಸೈಲ್’ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎಲೆಯಲ್ಲಿ ಹರಿತ್ತು ಎಷ್ಟು, ನೀರು ಎಷ್ಟು, ಎಲೆ ಎಷ್ಟು ಓರೆ, ಮಣ್ಣು ಎಷ್ಟು ಕಪ್ಪು, ಸೂರ್ಯ ಎಲ್ಲಿದ್ದಾನೆ, ಉಪಗ್ರಹ ಎಲ್ಲಿದೆ ಎಂದು ಹೇಳಿದರೆ, ಹೊಲ ಯಾವ ಬಣ್ಣದಲ್ಲಿ ಕಾಣಬೇಕು ಎಂದು ಅದು ಲೆಕ್ಕ ಹಾಕಿಕೊಡುತ್ತದೆ.

ಆದರೆ ನಮಗೆ ಬೇಕಾಗಿರುವುದು ಉಲ್ಟಾ ಲೆಕ್ಕ. ಬಣ್ಣ ಗೊತ್ತಿದೆ, ಬೆಳೆ ಗೊತ್ತಿಲ್ಲ. ಸಾರು ಕುಡಿದು ಅದಕ್ಕೆ ಎಷ್ಟು ಬೇಳೆ, ಎಷ್ಟು ಹುಣಸೆ, ಎಷ್ಟು ಖಾರ ಹಾಕಿದ್ದಾರೆ ಎಂದು ಗ್ರಾಂ ಲೆಕ್ಕದಲ್ಲಿ ಹೇಳಿದಂತೆ ಇದು. ಕಡಿಮೆ ಎಲೆಯ, ಹೆಚ್ಚು ಹರಿತ್ತಿನ, ಕಪ್ಪು ಮಣ್ಣಿನ ಹೊಲವೂ, ಹೆಚ್ಚು ಎಲೆಯ, ಕಡಿಮೆ ಹರಿತ್ತಿನ, ತಿಳಿ ಮಣ್ಣಿನ ಹೊಲವೂ ಉಪಗ್ರಹಕ್ಕೆ ಒಂದೇ ಬಣ್ಣದಲ್ಲಿ ಕಾಣಬಹುದು. ಒಂದು ಬಣ್ಣಕ್ಕೆ ಹಲವು ಹೊಲಗಳು ಉತ್ತರ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಸ್ಥಳೀಯ ತಿಳಿವಳಿಕೆ ಬೇಕೇ ಬೇಕು: ಯಾವ ಬೆಳೆ, ಯಾವ ತಳಿ, ಯಾವಾಗ ಬಿತ್ತನೆ, ಯಾವ ಮಣ್ಣು.

ಮಾದರಿಯ ಊಹೆಗಳೂ ನಮ್ಮ ಹೊಲಗಳಿಗೆ ಸಲೀಸಾಗಿ ಹೊಂದುವುದಿಲ್ಲ. ಸೈಲ್‌ನಂತಹ ಮಾದರಿಯಲ್ಲಿ ಎಲೆಗಳು ಹಸಿರು ಮಂಜಿನಂತೆ ಸಮನಾಗಿ ಹರಡಿವೆ ಎಂದೇ ಲೆಕ್ಕ. ಯುರೋಪಿನ ಗೋಧಿ ಹೊಲಕ್ಕೆ ಇದು ಸರಿಹೊಂದೀತು. ಕಲಬುರಗಿಯ ತೊಗರಿ ಹೊಲದಲ್ಲಿ ಸಾಲಿನಿಂದ ಸಾಲಿಗೆ ಮೂರ್ನಾಲ್ಕು ಅಡಿ ಬಿಟ್ಟು, ನಡುವೆ ಹೆಸರೋ ಉದ್ದೋ ಹಾಕಿರುತ್ತಾರೆ. ದಕ್ಷಿಣದ ರಾಗಿ ಹೊಲಕ್ಕೆ ಬಂದರೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಜೋಳ ಎಲ್ಲವೂ ಇರುತ್ತವೆ. ಇಟಲಿಯ ಇಸ್ಪ್ರಾದಲ್ಲಿರುವ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ 1999ರಿಂದ ಜಗತ್ತಿನ ಇಂತಹ ಮಾದರಿಗಳನ್ನೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷಿಸುತ್ತಾ ಬಂದಿದೆ. ಸಮನಾಗಿ ಹರಡಿದ ಹಂದರವಿದ್ದಾಗ ಮಾದರಿಗಳು ಪರಸ್ಪರ ಒಪ್ಪುತ್ತವೆ. ಗಿಡಗಳು ಗುಂಪು ಗುಂಪಾಗಿ, ನಡುನಡುವೆ ನೆಲ ಬಿಟ್ಟು ನಿಂತಾಗ ಉತ್ತರಗಳು ಚದುರಿದವು. ಹಂತಹಂತವಾಗಿ ಅವು ಸುಧಾರಿಸಿವೆ ಎಂಬುದನ್ನೂ ಹೇಳಬೇಕು.

ಅಮೆಜಾನ್ ಕಲಿಸಿದ ಪಾಠ

ಇದೆಲ್ಲ ಸಣ್ಣಪುಟ್ಟ ತಾಂತ್ರಿಕ ತಕರಾರು ಎನಿಸಿದರೆ ಅಮೆಜಾನ್ ಕಾಡಿನ ಜಗಳ ನೆನಪಿಸಿಕೊಳ್ಳಬೇಕು. 2005ರಲ್ಲಿ ಅಲ್ಲಿ ಭೀಕರ ಬರ ಬಂತು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು, ನಾಸಾದ ಮೋಡಿಸ್ ಉಪಕರಣದ ಚಿತ್ರಗಳನ್ನು ಆಧರಿಸಿ, ಬರದಲ್ಲೂ ಕಾಡು ಇನ್ನಷ್ಟು ಹಸಿರಾಯಿತು ಎಂದಿತು. ಅದಕ್ಕೂ ಮೊದಲೇ, ಪ್ರತಿ ವರ್ಷದ ಒಣ ತಿಂಗಳುಗಳಲ್ಲಿ ಅಮೆಜಾನ್ ಹಸಿರೇರುತ್ತದೆ ಎಂಬ ವಾದ ಇತ್ತು. ಮೋಡ ಸರಿದು ಬಿಸಿಲು ಹೆಚ್ಚು ಸಿಗುವುದರಿಂದ ಹೊಸ ಎಲೆ ಬರುತ್ತದೆ ಎಂಬ ವಿವರಣೆ ಚೆನ್ನಾಗಿಯೇ ಇತ್ತು. ಜಗತ್ತಿನ ಅತಿ ದೊಡ್ಡ ಮಳೆಕಾಡು ಬರವನ್ನು ತಡೆದುಕೊಳ್ಳಬಲ್ಲದು ಎಂಬುದು ಹವಾಮಾನ ನೀತಿಯ ದೃಷ್ಟಿಯಿಂದ ಸಣ್ಣ ಮಾತಲ್ಲ.

2010ರಲ್ಲಿ ಬೇರೆ ವಿಜ್ಞಾನಿಗಳು ಅದೇ ದತ್ತಾಂಶವನ್ನು ಮೋಡ, ಹೊಗೆಯ ಕೊಳೆ ತೆಗೆದು ನೋಡಿ, ಬರಗಾಲದ ಹಸಿರು ತಮಗೆ ಕಾಣುತ್ತಿಲ್ಲ ಎಂದರು. 2014ರಲ್ಲಿ ನಾಸಾದ ಡಗ್ಲಸ್ ಮಾರ್ಟನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಣ ಋತುವಿನ ಹಸಿರಿನ ಬಗ್ಗೆ ಬೇರೆಯೇ ಕಾರಣ ಮುಂದಿಟ್ಟರು. ಜೂನ್‌ನಿಂದ ಸೆಪ್ಟೆಂಬರ್-ಅಕ್ಟೋಬರ್‌ಗೆ ಹೋಗುವಾಗ ಸೂರ್ಯನ ಸ್ಥಾನ ಬದಲಾಗಿ, ಅವನು ಉಪಗ್ರಹದ ಬೆನ್ನ ಹಿಂದೆ ಬಂದಂತಾಗುತ್ತದೆ. ಆಗ ಮರಗಳ ನೆರಳು ಮರಗಳ ಹಿಂದೆಯೇ ಅಡಗುತ್ತದೆ. ನೆರಳು ಕಾಣದಿದ್ದರೆ ಕಾಡು ಹೆಚ್ಚು ಹೊಳೆಯುತ್ತದೆ. ಎಲೆಗಳಲ್ಲಿ ಬದಲಾವಣೆ ಇಲ್ಲದೆಯೂ ಆ ಹಸಿರು ಕಾಣಬಹುದು ಎಂದು ಅವರು ಬೆಳಕಿನ ಮಾದರಿ ಮತ್ತು ಲೇಸರ್ ಅಳತೆ ಎರಡರಿಂದಲೂ ವಾದಿಸಿದರು.

ಈ ನೆರಳಿನ ಆಟವನ್ನು ನೀವೂ ನೋಡಿರಬಹುದು. ಮುಂಬೈಯಿಂದ ಬೆಂಗಳೂರಿಗೋ ಮಂಗಳೂರಿಗೋ ಹಗಲಿನ ವಿಮಾನದಲ್ಲಿ ಸೂರ್ಯನಿಗೆ ಬೆನ್ನಾದ ಕಿಟಕಿಯಲ್ಲಿ ಕುಳಿತು ಕಾಡಿನ ಕಡೆ ನೋಡಿದರೆ, ವಿಮಾನದ ನೆರಳು ಬೀಳಬೇಕಾದ ಜಾಗದಲ್ಲಿ ಒಂದು ಬೆಳಗಿದ ತೇಪೆ ಜೊತೆಜೊತೆಗೇ ಓಡಿಬರುತ್ತದೆ. ಅಲ್ಲಿ ಮರಗಳೇನೂ ಹೆಚ್ಚಿಲ್ಲ. ಅಲ್ಲಿನ ನೆರಳುಗಳು ನಿಮಗೆ ಕಾಣುತ್ತಿಲ್ಲ ಅಷ್ಟೇ.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2016ರಲ್ಲಿ ಇನ್ನೊಂದು ತಂಡ ಕಾಡಿನ ಗೋಪುರಗಳ ಮೇಲೆ ಕ್ಯಾಮೆರಾ ಇಟ್ಟು, ಒಣ ತಿಂಗಳುಗಳಲ್ಲಿ ಹಳೆ ಎಲೆ ಉದುರಿ ಹೊಸ ಎಲೆ ಬರುವುದು ನಿಜ, ಕಾಡಿನ ಆಹಾರ ತಯಾರಿಕೆ ಏರಲು ಅದು ಮುಖ್ಯ ಕಾರಣ ಎಂದು ತೋರಿಸಿತು. ಎರಡೂ ಕಡೆ ಒಂದಷ್ಟು ಸತ್ಯವಿತ್ತು. ಗಮನಿಸಬೇಕಾದದ್ದು ಏನೆಂದರೆ, ಜಗತ್ತಿನ ನುರಿತ ತಂಡಗಳು ಸುಮಾರು ಹತ್ತು ವರ್ಷ ಒಂದೇ ಚಿತ್ರಗಳನ್ನು ಇಟ್ಟುಕೊಂಡು ಜಗಳವಾಡಿದವು, ದತ್ತಾಂಶ ಎಲ್ಲರಿಗೂ ತೆರೆದಿತ್ತು, ಜಗಳ ತಿಳಿಯಾಗತೊಡಗಿದ್ದು ಗೋಪುರ ಹತ್ತಿ ಎಲೆಗಳನ್ನು ಹತ್ತಿರದಿಂದ ನೋಡಿದ ಮೇಲೆ.

ಎಲೆಯಿಂದ ಕಾಳಿಗೆ

ಎಲೆ ಎಷ್ಟಿದೆ ಎಂದು ಸರಿಯಾಗಿಯೇ ತಿಳಿಯಿತು ಎನ್ನೋಣ. ವಿಮೆಗೆ ಬೇಕಾದದ್ದು ಕಾಳಿನ ತೂಕ. ಈ ಕೊನೆಯ ಹೆಜ್ಜೆಗೆ ಬಳಸುವ ಮುಖ್ಯ ಸೂತ್ರಗಳಲ್ಲೊಂದು ಬ್ರಿಟಿಷ್ ವಿಜ್ಞಾನಿ ಜಾನ್ ಮಾಂಟೀತ್ 1970ರ ದಶಕದಲ್ಲಿ ಕೊಟ್ಟದ್ದು. ಹೈದರಾಬಾದಿನವರಿಗೆ ಹೇಳಬೇಕಾದ ಮಾತು, ಮಾಂಟೀತ್ ಮುಂದೆ 1987ರಿಂದ ಕೆಲವು ವರ್ಷ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲೇ ಕೆಲಸ ಮಾಡಿದರು. ಬೆಳೆ ಎಷ್ಟು ಬೆಳಕನ್ನು ಹಿಡಿಯಿತು, ಹಿಡಿದ ಬೆಳಕನ್ನು ಎಷ್ಟು ದಕ್ಷತೆಯಿಂದ ಒಣ ತೂಕವಾಗಿ ಮಾಡಿತು, ಆ ತೂಕದಲ್ಲಿ ಕಾಳಿನ ಪಾಲು ಎಷ್ಟು ಎಂಬ ಮೂರನ್ನು ಗುಣಿಸಿದರೆ ಇಳುವರಿ. ಯೆಸ್-ಟೆಕ್‌ನಲ್ಲಿ ಒಪ್ಪಿರುವ ವಿಧಾನಗಳಲ್ಲಿ ಇದರ ಮೇಲೆ ನಿಂತದ್ದೂ ಇದೆ, ಬೆಳೆಯ ಬೆಳವಣಿಗೆಯನ್ನು ದಿನದಿನ ಅನುಕರಿಸುವ ಮಾದರಿಗಳೂ, ಕೃತಕ ಬುದ್ಧಿಮತ್ತೆಯ ವಿಧಾನಗಳೂ ಇವೆ.

ಮೂರರಲ್ಲಿ ಮೊದಲನೆಯದನ್ನು ಮಾತ್ರ ಉಪಗ್ರಹ ತಕ್ಕಮಟ್ಟಿಗೆ ನೋಡಬಲ್ಲದು. ಕಾಳಿನ ಪಾಲು ಎಂಬುದನ್ನು ಅದು ಬಹುಪಾಲು ನೋಡುವುದೇ ಇಲ್ಲ, ಪುಸ್ತಕದಿಂದಲೋ ಹಿಂದಿನ ಪ್ರಯೋಗದಿಂದಲೋ ತರಬೇಕು. ನಮ್ಮ ಕಡೆ ಬೆಳೆ ಕೈಕೊಡುವುದು ಎಷ್ಟೋ ಸಲ ಇದೇ ಜಾಗದಲ್ಲಿ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿದುಕೊಂಡು ಹೂ ಉದುರಿದರೆ ಗಿಡ ಹಸಿರಾಗಿಯೇ ಇರುತ್ತದೆ, ಕಾಯಿ ಇರುವುದಿಲ್ಲ. ತೆನೆ ಬರುವಾಗ ಬಿಸಿಲೇರಿದರೆ ಭತ್ತದಲ್ಲಿ ಜೊಳ್ಳು ಹೆಚ್ಚುತ್ತದೆ, ಗದ್ದೆ ಮಾತ್ರ ಕಣ್ಣಿಗೆ ತುಂಬಿ ನಿಂತಿರುತ್ತದೆ. ಬೀದರ್‌ನಲ್ಲಾಗಲೀ ಪಕ್ಕದ ಲಾತೂರಿನಲ್ಲಾಗಲೀ ಸೋಯಾಬೀನ್ ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಾಯಿಯೊಳಗೇ ಮೊಳಕೆ ಬರುತ್ತದೆ. ಅಷ್ಟರಲ್ಲಿ ಎಲೆ ಹೇಗೂ ಹಣ್ಣಾಗಿ ಉದುರಿರುತ್ತದೆ, ಬೆಳಕಿಗೆ ಹೇಳಲು ಏನೂ ಉಳಿದಿರುವುದಿಲ್ಲ.

2022ರ ಕೊನೆಯಲ್ಲಿ ಕಲಬುರಗಿ ಭಾಗದ ತೊಗರಿಗೆ ನೆಟೆ ರೋಗ ಬಡಿದದ್ದು ಅನೇಕರಿಗೆ ನೆನಪಿರಬಹುದು. ಅಲ್ಲಿ ಗಿಡ ಒಣಗಿ ನಿಂತಿತು, ಹಾಗಾಗಿ ಬೆಳಕಿನ ಕಣ್ಣಿಗೂ ಅದು ಕಾಣುವ ನಷ್ಟ. ಆದರೆ ಒಣಗಿದ್ದು ಕಾಯಿ ತುಂಬುವ ಮುನ್ನವೋ ನಂತರವೋ ಎಂಬುದರ ಮೇಲೆ ಕಾಳು ಎಷ್ಟು ಎಂಬುದು ನಿಂತಿದೆ. ಅದಕ್ಕೆ ನಿಗದಿತ ವಾರದ ಸ್ಪಷ್ಟ ಚಿತ್ರ ಬೇಕು. ತೊಗರಿ ಕೇಂದ್ರ ಹೆಸರಿಸಿದ ಮೂರು ಬೆಳೆಗಳಲ್ಲಿ ಇಲ್ಲ ಎಂಬುದು ಸದ್ಯದ ಮಾತು.

ಸ್ಪಷ್ಟ ಚಿತ್ರವೇ ಮುಂಗಾರಿನಲ್ಲಿ ದುಬಾರಿ. ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತದೆ, ಆದರೆ ಜುಲೈ-ಆಗಸ್ಟ್‌ನಲ್ಲಿ ಅದಕ್ಕೆ ಕಾಣುವುದು ಬಹುತೇಕ ಮೋಡದ ಬೆನ್ನು. ಮೋಡ ದಾಟಿ ನೋಡುವ ರೇಡಾರ್ ಇದಕ್ಕೆ ಉತ್ತರ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಅದರ ಅಲೆಗಳು ಎಲೆಯ ಹಸಿರನ್ನಲ್ಲ, ಗಿಡದಲ್ಲಿರುವ ನೀರು, ಕಾಂಡದ ರಚನೆ ಮತ್ತು ಮಣ್ಣಿನ ತೇವವನ್ನು ಗ್ರಹಿಸುತ್ತವೆ. ಅಲ್ಲಿಯೂ ಹಂದರದೊಳಗೆ ಅಲೆ ಚದುರುವ ಲೆಕ್ಕವೇ ಬೇಕು, ಮಾದರಿ ಬೇರೆ ಅಷ್ಟೇ. ಬರೀ ಹಸಿರು ಸೂಚ್ಯಂಕಕ್ಕಿಂತ ಇವೆರಡೂ ಸೇರಿದರೆ ಅಂದಾಜು ಗಟ್ಟಿಯಾಗುತ್ತದೆ ಎಂದು ನಂಬಲು ಕಾರಣಗಳಿವೆ.

ಒಂದು ಗುಂಟೆಯ ಸಾಕ್ಷ್ಯ

ಹಾಗಂತ ಹಳೆಯ ಪದ್ಧತಿ ಪವಿತ್ರವೇನಲ್ಲ. ಕರ್ನಾಟಕದಲ್ಲಿ ಬಹುತೇಕ ಬೆಳೆಗಳಿಗೆ ಕಟಾವಿನ ಚೌಕ 5 ಮೀಟರ್ ಉದ್ದ, 5 ಮೀಟರ್ ಅಗಲ. ಅಂತಹ ನಾಲ್ಕು ಚೌಕ ಸೇರಿದರೆ 100 ಚದರ ಮೀಟರ್, ಅಂದರೆ ಸುಮಾರು ಒಂದು ಗುಂಟೆ. ಇಡೀ ಪಂಚಾಯಿತಿಯ ಸಾವಿರಾರು ಎಕರೆಯ ಹಣೆಬರಹ ಒಂದು ಗುಂಟೆಯ ತೂಕದ ಮೇಲೆ ನಿಂತಿರುತ್ತದೆ. ಆರಿಸಿದ ಹೊಲದ ರೈತ ಮೊದಲೇ ಕೊಯ್ದುಬಿಟ್ಟಿರುತ್ತಾನೆ, ಸಿಬ್ಬಂದಿ ಸಮಯಕ್ಕೆ ಬರುವುದಿಲ್ಲ, ಒಂದು ಕಡೆ ರೈತರ ಒತ್ತಡ, ಇನ್ನೊಂದು ಕಡೆ ಕಂಪನಿಯ ಆಕ್ಷೇಪ. ಪರಿಹಾರ ಮುಂದಿನ ಬಿತ್ತನೆ ಮುಗಿದರೂ ಬಾರದಿರಲು ಈ ಜಗಳಗಳೂ ಕಾರಣ. ಉಪಗ್ರಹವನ್ನು ಕರೆತಂದದ್ದಕ್ಕೆ ಕಾರಣಗಳಿದ್ದವು.

ಕುತೂಹಲದ ಸಂಗತಿ ಎಂದರೆ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕಿಯೂ 10 ಮೀಟರ್ ಉದ್ದ, 10 ಮೀಟರ್ ಅಗಲ. ಅದೂ ಒಂದು ಗುಂಟೆಯೇ. ಪಂಚಾಯಿತಿಯ ಪ್ರತಿ ಗುಂಟೆಯನ್ನೂ ಮಸುಕಾಗಿ ನೋಡುವ ಕಣ್ಣು ಒಂದು ಕಡೆ, ಒಂದೇ ಗುಂಟೆಯನ್ನು ತಕ್ಕಡಿಯಲ್ಲಿಟ್ಟು ನಿಖರವಾಗಿ ತೂಗುವ ಕೈ ಇನ್ನೊಂದು ಕಡೆ. ಯಾವ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿದರೂ ಇವೆರಡೂ ಒಟ್ಟಿಗೆ ಬೇಕು ಎಂದೇ ಹೇಳುತ್ತಾರೆ. ಎಲ್ಲಿ ಕಟಾವು ಮಾಡಬೇಕು ಎಂದು ಉಪಗ್ರಹ ತೋರಿಸಬಹುದು, ಉಪಗ್ರಹದ ಅಂದಾಜು ಎಷ್ಟು ತಪ್ಪಿದೆ ಎಂದು ಕಟಾವು ತೋರಿಸಬಹುದು. ಶೇ 30ರ ಮಿಶ್ರಣ ಆ ದೃಷ್ಟಿಯಿಂದ ಕೆಟ್ಟ ಆರಂಭವಲ್ಲ. ಕಟಾವನ್ನೇ ಕೈಬಿಡುವ ಗುರಿ ಮಾತ್ರ ನನಗೆ ಅವಸರದ್ದೆನಿಸುತ್ತದೆ.

ಸದ್ಯಕ್ಕೆ ರೈತನ ಕೈಗೆ ಸಿಗುವುದು ಕೊನೆಯ ಮೊತ್ತ. ಅವನ ಪಂಚಾಯಿತಿಗೆ ಕಟಾವು ಹೇಳಿದ ಇಳುವರಿ ಎಷ್ಟು, ಮಾದರಿ ಹೇಳಿದ್ದು ಎಷ್ಟು, ಯಾವ ಮಾದರಿ, ಯಾವ ದಿನಾಂಕಗಳ ಚಿತ್ರ, ಎಷ್ಟು ಚಿತ್ರ ಮೋಡಕ್ಕೆ ಹೋಯಿತು, ಅಂದಾಜಿನ ಆಚೀಚೆ ಎಷ್ಟು ಕ್ವಿಂಟಲ್ ತಪ್ಪಿರಬಹುದು ಎಂಬುದನ್ನು ಬೆರೆಸುವ ಮೊದಲೇ ಬೇರೆ ಬೇರೆಯಾಗಿ ಪಂಚಾಯಿತಿ ಬೋರ್ಡಿಗೆ ಅಂಟಿಸಲು ಹೆಚ್ಚಿನ ಖರ್ಚಿಲ್ಲ. ಎರಡೂ ಅಂಕಿಗಳು ತೀರಾ ದೂರವಿದ್ದಾಗ ಸರಾಸರಿ ತೆಗೆದು ಮುಗಿಸುವ ಬದಲು ಮತ್ತೊಮ್ಮೆ ಹೊಲಕ್ಕೆ ಹೋಗುವ ನಿಯಮ ಬೇಕು. 6 ಮತ್ತು 9ರ ಸರಾಸರಿ ಸತ್ಯಕ್ಕೆ ಹತ್ತಿರ ಇರಲೇಬೇಕೆಂದಿಲ್ಲ, ಎರಡರಲ್ಲಿ ಒಂದು ತಪ್ಪಿದೆ ಎಂಬುದಕ್ಕೆ ಅದು ಸೂಚನೆ.

ಮಧ್ಯಪ್ರದೇಶದ ದಾರಿಯಲ್ಲಿ ಇನ್ನೊಂದು ತೊಡಕು ಅಡಗಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಖಾತರಿ ಇಳುವರಿ ನಿಂತಿರುವುದು ಹಿಂದಿನ 7 ವರ್ಷಗಳ ಲೆಕ್ಕದ ಮೇಲೆ. ಇಂದು ಆ 7 ವರ್ಷಗಳಲ್ಲಿ ಹೆಚ್ಚಿನವು ತಕ್ಕಡಿಯಲ್ಲಿ ತೂಗಿ ಬಂದ ಅಂಕಿಗಳು. ಈ ವರ್ಷದ್ದು ಮಾದರಿಯಿಂದ ಬಂದದ್ದು. ಮಾದರಿ ಸದಾ ಒಂದು ಕ್ವಿಂಟಲ್ ಹೆಚ್ಚು ಹೇಳುವ ಚಾಳಿಯದ್ದಾದರೆ ಆ ಒಂದು ಕ್ವಿಂಟಲ್ ಅಷ್ಟೂ ವರ್ಷ ರೈತನ ಪರಿಹಾರದಿಂದ ಕಳೆಯುತ್ತಾ ಹೋಗುತ್ತದೆ. ಕಡಿಮೆ ಹೇಳುವ ಚಾಳಿಯಿದ್ದರೆ ಹೊರೆ ಖಜಾನೆ ಮತ್ತು ಕಂಪನಿಯ ಮೇಲೆ. ಏಳು ವರ್ಷ ಹೀಗೇ ನಡೆದರೆ ಹೋಲಿಕೆಯ ಎರಡೂ ಬದಿಯಲ್ಲಿ ಮಾದರಿಯ ಅಂಕಿಗಳೇ ಇರುತ್ತವೆ. ಆಗ ಅದು ಎಷ್ಟು ತಪ್ಪಿತ್ತು ಎಂದು ಹೇಳಲು ಕೊಯ್ದು ತೂಗಿದ ಒಂದು ಗುಂಟೆಯೂ ದಾಖಲೆಯಲ್ಲಿ ಉಳಿದಿರುವುದಿಲ್ಲ.